ಕಡಲಿಗೆ ಕಬ್ಬಿಣ ಸುರಿಯ ಹೊರಟವರಿಗೆ

ಮೊನ್ನೆ ಒಂದು ವಿಚಾರ ಸಂಕಿರಣದಲ್ಲಿ ಮುಖ್ಯ ಅತಿಥಿಗಳು, ಸಮುದ್ರಕ್ಕೆ ಕಬ್ಬಿಣದ ಪುಡಿ ಎರಚಿದರೆ ಪಾಚಿ ಬೆಳೆದು ಗಾಳಿಯಲ್ಲಿರುವ ಇಂಗಾಲವನ್ನೆಲ್ಲ ನುಂಗಿಬಿಡುತ್ತದೆ ಎಂದು ಅಪ್ಪಣೆ ಕೊಡಿಸಿದರು. ಸಭೆಯೂ ಚಪ್ಪಾಳೆ ತಟ್ಟಿತು. ರಸಾಯನಶಾಸ್ತ್ರದ ಪಾಠ ಹೇಳಿಯೇ ಹೊಟ್ಟೆ ಹೊರೆದ ನನಗೆ ಮೈಯೆಲ್ಲ ಉರಿದುಹೋಯಿತು.

ಮಾತು ಪೂರ್ತಿ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಂಟಾರ್ಕ್ಟಿಕಾವನ್ನು ಸುತ್ತುವರಿದ ದಕ್ಷಿಣ ಮಹಾಸಾಗರದಲ್ಲಿ ಗೊಬ್ಬರದಂಥ ನೈಟ್ರೇಟ್, ಫಾಸ್ಫೇಟ್‌ಗಳು ಧಾರಾಳವಾಗಿದ್ದರೂ ಸಸ್ಯಪ್ಲವಕಗಳು, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಪಾಚಿಗಳು, ಸೊರಗಿರುವುದು ಕಬ್ಬಿಣದ ಕೊರತೆಯಿಂದ ಎಂದು ಅಮೆರಿಕದ ಸಾಗರ ವಿಜ್ಞಾನಿ ಜಾನ್ ಮಾರ್ಟಿನ್ 1980ರ ದಶಕದ ಕೊನೆಯಲ್ಲೇ ವಾದಿಸಿದ್ದರು. ಆದರೆ ಪ್ಲವಕ ಬೆಳೆಯುವುದು ಬೇರೆ, ಅದು ಹೀರಿದ ಇಂಗಾಲ ಆಳಕ್ಕಿಳಿದು ಅಲ್ಲಿಯೇ ಉಳಿಯುವುದು ಬೇರೆ. ಈ ಎರಡನೆಯದರ ಬಗ್ಗೆ ವೇದಿಕೆಯ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ.

2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ವಿಜ್ಞಾನಿಗಳು ಪೋಲಾರ್‌ಸ್ಟೆರ್ನ್ ಹಡಗಿನಲ್ಲಿ ಹೋಗಿ, ಅದೇ ಸಾಗರದ ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಟನ್‌ಗಟ್ಟಲೆ ಕಬ್ಬಿಣದ ಸಲ್ಫೇಟ್ ಬೆರೆಸಿದರು. ಲೋಹಾಫೆಕ್ಸ್ ಎಂಬ ಈ ಪ್ರಯೋಗದಲ್ಲಿ ಮೊದಲೆರಡು ವಾರಗಳಲ್ಲಿ ಪ್ಲವಕ ದುಪ್ಪಟ್ಟಾಯಿತು. ಅಷ್ಟರಲ್ಲಿ ಕೋಪೆಪಾಡ್‌ಗಳೆಂಬ ಸಣ್ಣ ಸೀಗಡಿಜಾತಿಯ ಜೀವಿಗಳು ಅದನ್ನು ಮೇಯತೊಡಗಿದವು; ಅವುಗಳನ್ನು ತಿನ್ನಲು ಅವಕ್ಕಿಂತ ದೊಡ್ಡ ಆಂಫಿಪಾಡ್‌ಗಳೆಂಬ ಜೀವಿಗಳು ಬಂದವು. ಗಾಜಿನಂಥ ಸಿಲಿಕಾದ ಚಿಪ್ಪು ಕಟ್ಟಿಕೊಂಡು ಭಾರವಾಗಿ ಮುಳುಗಬಲ್ಲ ಡಯಾಟಮ್‌ಗಳೆಂಬ ಪ್ಲವಕಗಳು ಬೆಳೆಯಲೇ ಇಲ್ಲ, ಏಕೆಂದರೆ ಆ ನೀರಿನ ಸಿಲಿಕಾ ಮೊದಲೇ ಖಾಲಿಯಾಗಿತ್ತು. ಹೀಗಾಗಿ ಆಳಕ್ಕೆ ಇಳಿದ ಇಂಗಾಲ ಅತ್ಯಲ್ಪ. ನಿಜ ಹೇಳಬೇಕೆಂದರೆ, ಮನುಷ್ಯನ ಲೆಕ್ಕಾಚಾರವನ್ನು ಆ ಪುಟ್ಟ ಜೀವಿಗಳು ತಿಂದು ತೇಗಿದ್ದು ನನಗೆ ಒಳಗೊಳಗೇ ಖುಷಿ ಕೊಟ್ಟಿದೆ.

ಅದೇ ಸಾಗರದಲ್ಲಿ 2004ರಲ್ಲಿ ನಡೆದ ಇಂಥದೇ ಕಬ್ಬಿಣದ ಪ್ರಯೋಗದಲ್ಲಿ ಡಯಾಟಮ್‌ಗಳು ಸೊಂಪಾಗಿ ಬೆಳೆದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾವಿರ ಮೀಟರ್‌ಗಿಂತ ಕೆಳಗೆ ಮುಳುಗಲಿಲ್ಲವೇ ಎಂದು ಕೇಳುವವರಿದ್ದಾರೆ. ಮುಳುಗಿದವು, ಒಪ್ಪಿದೆ. ಆದರೆ ಅಲ್ಲಿ ಸಿಲಿಕಾ ಇತ್ತು. ಎಲ್ಲಿ ಏನಿದೆ, ಯಾರು ಯಾರನ್ನು ತಿನ್ನುತ್ತಾರೆ ಎಂದು ನೋಡದೆ ಕಬ್ಬಿಣವೊಂದನ್ನೇ ಜಪಿಸುವುದಕ್ಕೆ ಇದು ಸಮರ್ಥನೆಯಾಗುವುದಿಲ್ಲ. ಮುಳುಗಿದ್ದು ಆಳದಲ್ಲಿ ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನೂ ತಿನ್ನುತ್ತದೆ, ಆ ಲೆಕ್ಕ ಯಾರ ಖಾತೆಗೆ?

ನಾವು ಉಗುಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ನಾಲ್ಕನೇ ಒಂದು ಭಾಗವನ್ನು ಸಮುದ್ರ ಈಗಾಗಲೇ ಹೀರುತ್ತಿದೆ. ಅದರ ಬೆಲೆಯಾಗಿ ಮೇಲ್ಮೈ ನೀರಿನ ಪಿಎಚ್ (ಇದು ಇಳಿದಷ್ಟೂ ಆಮ್ಲತೆ ಹೆಚ್ಚು) ಕೈಗಾರಿಕಾ ಯುಗಕ್ಕೆ ಮುಂಚಿನ 8.2ರಿಂದ 8.1ಕ್ಕೆ ಇಳಿದಿದೆ, ಚಿಪ್ಪು ಕಟ್ಟುವ ಜೀವಿಗಳಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತಿದೆ. ಇಷ್ಟು ಹೊರೆ ಹೊತ್ತಿರುವ ನೀರಿಗೆ ಇನ್ನೊಂದು ಮೂಟೆ ಹೊರಿಸಿ, ಇತ್ತ ನಮ್ಮ ಹೊಗೆಕೊಳವೆಗಳನ್ನು ಹಾಗೆಯೇ ಉಳಿಸಿಕೊಳ್ಳುವ ಈ ಜಾಣತನಕ್ಕೆ ನಾನಂತೂ ಚಪ್ಪಾಳೆ ತಟ್ಟುವುದಿಲ್ಲ.