‘ಸರ್ಕಾರ’ ಎಂದಿರುವಲ್ಲಿ ಹೀಗೆ ಓದಿಕೊಳ್ಳತಕ್ಕದ್ದು

ದೆಹಲಿ ವಿಧಾನಸಭೆ ಮಾಡುವ ಯಾವ ಕಾನೂನಿನಲ್ಲೇ ಆಗಲಿ, ‘ಸರ್ಕಾರ’ ಎಂಬ ಪದ ಬಂದರೆ ಅದನ್ನು ‘ಉಪರಾಜ್ಯಪಾಲ’, ಅಂದರೆ ಕೇಂದ್ರ ಕಳಿಸಿದ ಲೆಫ್ಟಿನೆಂಟ್ ಗವರ್ನರ್, ಎಂದು ಓದಿಕೊಳ್ಳತಕ್ಕದ್ದು. ಇದು ನಮ್ಮ ಕುಚೋದ್ಯವಲ್ಲ. 2021ರಲ್ಲಿ ಸಂಸತ್ತು ಮಾಡಿದ ತಿದ್ದುಪಡಿ, ಅದೇ ವರ್ಷ ಏಪ್ರಿಲ್ 27ರಿಂದ ಜಾರಿ. ವಿಡಂಬನೆ ಬರೆದು ಹೊಟ್ಟೆ ಹೊರೆಯುವವರ ಅನ್ನಕ್ಕೆ ಸಂಸತ್ತೇ ಕೈ ಹಾಕಿದರೆ ಯಾರಿಗೆ ದೂರುವುದು? ಮತದಾರ ಫೆಬ್ರವರಿಯ ಚಳಿಯಲ್ಲಿ ಸರತಿ ನಿಂತು, ಬೆರಳಿಗೆ ಮಸಿ ಹಚ್ಚಿಸಿಕೊಂಡು, 70 ಜನರನ್ನು ಆರಿಸಿ ಕಳಿಸುತ್ತಾನೆ. ಆಮೇಲೆ ಪುಸ್ತಕದ ಕೊನೆಯಲ್ಲಿ ಅಂಟಿಸಿದ ಚೀಟಿ ನೋಡುತ್ತಾನೆ. ತಪ್ಪು: ಸರ್ಕಾರ. ಒಪ್ಪು: ಉಪರಾಜ್ಯಪಾಲ.

ಹೆಸರೇ ಒಂದು ಒಗಟು. ಉಪಾಧ್ಯಕ್ಷನ ಮೇಲೆ ಅಧ್ಯಕ್ಷ ಇರುತ್ತಾನೆ, ಉಪತಹಶೀಲ್ದಾರನ ಮೇಲೆ ತಹಶೀಲ್ದಾರ. ಉಪರಾಜ್ಯಪಾಲರ ಮೇಲೆ ರಾಜ್ಯಪಾಲರಿಲ್ಲ. ನದಿಯೇ ಇಲ್ಲದ ಊರಲ್ಲಿ ಉಪನದಿ ತುಂಬಿ ಹರಿಯುತ್ತಿದೆ, ಹರಿದು ನೇರವಾಗಿ ಕೇಂದ್ರ ಗೃಹ ಸಚಿವಾಲಯ ಸೇರುತ್ತದೆ. ರಾಜ್ಯಪಾಲರಾಗಲು 35 ವರ್ಷ ತುಂಬಿರಬೇಕು, ಅವಧಿ ಐದು ವರ್ಷ ಎಂದು ಸಂವಿಧಾನದ 157, 156ನೇ ವಿಧಿಗಳು ಹೇಳುತ್ತವೆ. ಕೇಂದ್ರಾಡಳಿತ ಪ್ರದೇಶದ 239ನೇ ವಿಧಿಯಲ್ಲಿ ವಯಸ್ಸೂ ಇಲ್ಲ, ಅವಧಿಯೂ ಇಲ್ಲ. ನಮ್ಮಲ್ಲಿ ದ್ವಿತೀಯ ದರ್ಜೆ ಸಹಾಯಕನ ಹುದ್ದೆಗೂ ವಯೋಮಿತಿ ಉಂಟು ಎಂಬುದನ್ನು ಅರ್ಜಿ ಹಾಕಿದವರು ಬಲ್ಲರು. ಇನ್ನು ಶಿಷ್ಟಾಚಾರದ ಮೇಲು–ಕೀಳಿನ ಪಟ್ಟಿಯಲ್ಲಿ ಉಪರಾಜ್ಯಪಾಲರದು 11ನೇ ಸಾಲು, ಅದೇ ಊರಿನ ಮುಖ್ಯಮಂತ್ರಿಯದು 15. ಅಂದರೆ ಪುದುಚೇರಿಯ ಮುಖ್ಯಮಂತ್ರಿ ಕೂರುವುದು ನಮ್ಮ ಸಂಪುಟದ ಮಂತ್ರಿಯೊಬ್ಬರ ಪಂಕ್ತಿಯಲ್ಲಿ.

ಈ ಹುದ್ದೆಯ ಅಸಲು ಕಸುಬು ಕಡತ. ಕಡತವನ್ನು ತಿರಸ್ಕರಿಸುವವರು ಕಲಿಯುವ ಹುಡುಗರು. ತಿರಸ್ಕರಿಸಿದರೆ ಕಾರಣ ಬರೆಯಬೇಕು, ಬರೆದ ಕಾರಣ ನಾಳೆ ಕೋರ್ಟಿನಲ್ಲಿ ಎದುರು ನಿಲ್ಲುತ್ತದೆ. ಪಳಗಿದ ಕೈ ಪ್ರಶ್ನೆ ಬರೆಯುತ್ತದೆ. ಸಚಿವರ ಸಹಿ ಬಿದ್ದ ಕಡತ ಉಪರಾಜ್ಯಪಾಲರ ರಾಜನಿವಾಸಕ್ಕೆ ಹೋದಾಗ ಟಿಪ್ಪಣಿ ಹಾಳೆಯಲ್ಲಿ ‘ಪರಿಶೀಲಿಸಿ ಮರುಮಂಡಿಸಿ’ ಎಂಬ ಧಾಟಿಯ ಒಂದು ಸಾಲು ಬಿದ್ದರೆ ಸಾಕು. ಅದು ಬಂದ ದಾರಿಯಲ್ಲೇ ಇಲಾಖೆ ಕಾರ್ಯದರ್ಶಿ, ಉಪಕಾರ್ಯದರ್ಶಿ, ಶಾಖಾಧಿಕಾರಿ, ವಿಷಯ ನಿರ್ವಾಹಕ ಎಂದು ಮೆಟ್ಟಿಲಿಳಿದು, ಉತ್ತರ ಹೊತ್ತು ಮತ್ತೆ ಅದೇ ಮೆಟ್ಟಿಲು ಹತ್ತುತ್ತದೆ. ಯಾರೂ ಬೇಡವೆನ್ನಲಿಲ್ಲ. ಕಾರ್ಯಕ್ರಮದ ದಿನಾಂಕ ಮಾತ್ರ ಕಳೆದುಹೋಗಿರುತ್ತದೆ.

ಮಾದರಿಗೆ ಒಂದು ಕಡತ ಬಿಚ್ಚಿ ನೋಡೋಣ. ದೆಹಲಿ ಸರ್ಕಾರಿ ಶಾಲೆಗಳ ಪ್ರಾಥಮಿಕ ವಿಭಾಗದ ಉಸ್ತುವಾರಿ ಶಿಕ್ಷಕರನ್ನು ತರಬೇತಿಗೆ ಫಿನ್ಲೆಂಡಿಗೆ ಕಳಿಸುವ ಪ್ರಸ್ತಾವ. ಎರಡು ತಂಡ, 52 ಜನ. ಒಂದು 2022ರ ಡಿಸೆಂಬರ್‌ನಲ್ಲಿ, ಇನ್ನೊಂದು 2023ರ ಮಾರ್ಚ್‌ನಲ್ಲಿ ಹೊರಡಬೇಕು. ಕಡತ ಮೇಲೆ ಹೋಯಿತು. ಹಿಂದೆ ಆದ ವಿದೇಶಿ ತರಬೇತಿಗಳಿಂದ ಖರ್ಚಿಗೆ ತಕ್ಕ ಲಾಭ ಬಂತೇ ಎಂಬ ಪ್ರಶ್ನೆ ಬಂತು. ಇಂಥದೇ ತರಬೇತಿ ಭಾರತದಲ್ಲೇ ಸಿಗುತ್ತದೆಯೇ ನೋಡಿ ಎಂಬ ಸಲಹೆಯೂ ಬಂತು. ಡಿಸೆಂಬರ್ ಹೋಯಿತು. ಜನವರಿಯಲ್ಲಿ ಶಾಸಕರು ರಾಜನಿವಾಸಕ್ಕೆ ಮೆರವಣಿಗೆ ಹೊರಟರು. ಕಡತವನ್ನು ತಿರಸ್ಕರಿಸಿಯೇ ಇಲ್ಲ ಎಂದಿತು ರಾಜನಿವಾಸ. ಹೌದಲ್ಲ, ಇಲ್ಲ. ಕೊನೆಗೆ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಉದಾರವಾಗಿ: 29 ಆಡಳಿತ ವಲಯಗಳಿಗೂ ಸಮಪಾಲು ಸಿಗಲಿ ಎಂದು 52 ಇದ್ದದ್ದು 87 ಆಯಿತು. ವಲಯಕ್ಕೆ ಮೂವರು, ಲೆಕ್ಕ ಪಕ್ಕಾ. ಬಸ್ಸು ಹೋದ ಮೇಲೆ ಟಿಕೆಟ್ ಕೊಟ್ಟರು ಎಂದು ಗೊಣಗಬೇಡಿ, ಒಂದು ಕೇಳಿದ್ದಕ್ಕೆ ಹತ್ತಿರ ಹತ್ತಿರ ಒಂದೂಮುಕ್ಕಾಲು ಕೊಟ್ಟಿದ್ದಾರೆ.

ಜಗಳ ಬಂದರೆ ಏನು ಮಾಡಬೇಕೆಂದು 1993ರ ಕಾರ್ಯಕಲಾಪ ನಿಯಮಗಳಲ್ಲಿ ಬರೆದಿದೆ. 49ನೇ ನಿಯಮ: ಮಂತ್ರಿಯ ಜೊತೆ ಕೂತು ಮಾತಾಡಿ, ಬಗೆಹರಿಯದಿದ್ದರೆ ಸಂಪುಟದ ಮುಂದಿಡಿ. 50: ಸಂಪುಟದ ಜೊತೆಗೂ ಹೊಂದದಿದ್ದರೆ ರಾಷ್ಟ್ರಪತಿಯ ತೀರ್ಮಾನಕ್ಕೆ ಕೇಂದ್ರಕ್ಕೆ ಕಳಿಸಿ. 51: ತೀರ್ಮಾನ ಬರುವ ತನಕ ಏನಾಗಬೇಕೆಂದು ಉಪರಾಜ್ಯಪಾಲರೇ ಹೇಳಬಹುದು. ಬುದ್ಧಿ ಇದ್ದವರು 51ನ್ನು ಮೊದಲು ಓದುತ್ತಾರೆ.

ಇದೆಲ್ಲದರ ಬೇರು ಸಂವಿಧಾನದಲ್ಲಿ ದೆಹಲಿಗೆಂದೇ ಇರುವ 239ಎಎ ವಿಧಿಯ ಒಂದು ಮಾತು: ‘ಯಾವುದೇ ವಿಷಯ’ದಲ್ಲಿ ಭಿನ್ನಾಭಿಪ್ರಾಯ ಬಂದರೆ ರಾಷ್ಟ್ರಪತಿಗೆ ಕಳಿಸಬಹುದು. ‘ಯಾವುದೇ’ ಎಂದರೆ ‘ಪ್ರತಿಯೊಂದೂ’ ಅಲ್ಲ ಎಂದು ಹೇಳಲು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2018ರ ಜುಲೈ 4ರಂದು ಐನೂರಕ್ಕೂ ಹೆಚ್ಚು ಪುಟ ಬರೆದರು. ಅಧಿಕಾರಿಗಳ ವರ್ಗಾವಣೆ ಯಾರ ಕೈಯಲ್ಲಿ ಎಂಬುದು ಅಷ್ಟಾದರೂ ಉಳಿಯಿತು. 2019ರಲ್ಲಿ ಅದನ್ನು ನೋಡಿದ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಒಪ್ಪಲಿಲ್ಲ, ದಿನ ಫೆಬ್ರವರಿ 14. ಮತ್ತೆ ಐವರ ಪೀಠ. ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ಭೂಮಿ ಬಿಟ್ಟು ಉಳಿದ ಕಡೆ ಅಧಿಕಾರಿಗಳು ಚುನಾಯಿತ ಸರ್ಕಾರದ ಹಿಡಿತದಲ್ಲಿ ಎಂದು 2023ರ ಮೇ 11ರಂದು ತೀರ್ಪಾಯಿತು. ಚುನಾಯಿತ ಸರ್ಕಾರ ಆ ಅಧಿಕಾರವನ್ನು ಎಂಟು ದಿನ ಅನುಭವಿಸಿತು. ಕೋರ್ಟು ಬೇಸಿಗೆ ರಜೆಗೆ ಬಾಗಿಲು ಹಾಕಿದ ಶುಕ್ರವಾರ, ಮೇ 19ರ ರಾತ್ರಿ, ಸುಗ್ರೀವಾಜ್ಞೆ ಬಂತು. ಆಗಸ್ಟ್‌ನಲ್ಲಿ ಕಾಯ್ದೆಯಾಯಿತು.

ಈ ಕಾಯ್ದೆಯ ಕೈಚಳಕ ಮೆಚ್ಚಬೇಕು. ವರ್ಗಾವಣೆಗೆ ಮೂವರ ಪ್ರಾಧಿಕಾರ: ಮುಖ್ಯಮಂತ್ರಿ ಅಧ್ಯಕ್ಷ, ಮುಖ್ಯ ಕಾರ್ಯದರ್ಶಿ ಮತ್ತು ಪ್ರಧಾನ ಗೃಹ ಕಾರ್ಯದರ್ಶಿ ಸದಸ್ಯರು, ತೀರ್ಮಾನ ಬಹುಮತದಿಂದ. ಮದುವೆಯ ಊಟದ ಪಟ್ಟಿಗೆ ಸಮಿತಿ ಮಾಡಿ ಹೆಣ್ಣಿನ ತಂದೆಯನ್ನು ಅಧ್ಯಕ್ಷರನ್ನಾಗಿಸಿ, ಛತ್ರದ ಮ್ಯಾನೇಜರು ಮತ್ತು ಅಡುಗೆ ಕಂಟ್ರಾಕ್ಟರಿಗೆ ತಲಾ ಒಂದು ಓಟು ಕೊಟ್ಟ ಹಾಗೆ. ಹೋಳಿಗೆ ಬೇಡವೆಂದು ಎರಡಕ್ಕೆ ಒಂದರಿಂದ ಪಾಸಾಗುತ್ತದೆ. ಒಂದು ವೇಳೆ ಮೂವರೂ ಹೋಳಿಗೆಯೇ ಇರಲಿ ಎಂದುಬಿಟ್ಟರೆ? ಆಗ ಛತ್ರದ ಮಾಲೀಕರಿದ್ದಾರಲ್ಲ, ಅವರ ಮಾತೇ ಅಂತಿಮ. ಊಟ ಕೆಟ್ಟರೆ ಬೀಗರು ಬಯ್ಯುವುದು ಮಾತ್ರ ಹೆಣ್ಣಿನ ತಂದೆಯನ್ನೇ.

ಪುದುಚೇರಿಯವರಿಗೆ ಸಂಸತ್ತಿನ ಈ ಶ್ರಮವೂ ಬೇಕಾಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಉಪರಾಜ್ಯಪಾಲೆ ಕಿರಣ್ ಬೇಡಿ ಒಂದು ಆದೇಶ ಹೊರಡಿಸಿದರು: ಊರು ಬಯಲು ಶೌಚದಿಂದಲೂ ಕಸದಿಂದಲೂ ಮುಕ್ತ ಎಂಬ ಪ್ರಮಾಣಪತ್ರ ತಂದರೆ ಮಾತ್ರ ಉಚಿತ ಅಕ್ಕಿ. ಒಬ್ಬ ಬೇಲಿಯಾಚೆ ಕೂತರೆ ಇಡೀ ಊರಿನ ಒಲೆ ಆರಬೇಕು. ಗದ್ದಲವೆದ್ದು ಅಂದೇ ಆದೇಶ ತಡೆಹಿಡಿದರು. ಅನ್ನಕ್ಕೂ ಶೌಚಕ್ಕೂ ಇರುವ ಸಂಬಂಧದ ಕ್ರಮವನ್ನು ತಿರುವುಮುರುವು ಮಾಡಿದ ಆಡಳಿತ ಸುತ್ತೋಲೆ ಬೇರೆಲ್ಲೂ ಇರಲಾರದು.

ಅಲ್ಲಿಯ ವಿಧಾನಸಭೆಗೆ ಚುನಾಯಿತರು 30, ಕೇಂದ್ರ ನಾಮಕರಣ ಮಾಡಬಹುದಾದವರು ಮೂವರು. 2016ರ ಚುನಾವಣೆಯಲ್ಲಿ ಬಿಜೆಪಿ ಗೆದ್ದದ್ದು ಸೊನ್ನೆ. 2017ರ ಜುಲೈ 4ರ ರಾತ್ರಿ ರಾಜನಿವಾಸದಲ್ಲಿ ಪ್ರಮಾಣವಚನ ಮುಗಿದಾಗ ಮೂರು. 2021ರ ಫೆಬ್ರವರಿ 22ರಂದು ಕಾಂಗ್ರೆಸ್ಸಿನ ಮುಖ್ಯಮಂತ್ರಿ ನಾರಾಯಣಸ್ವಾಮಿ ಸರ್ಕಾರ ವಿಶ್ವಾಸಮತಕ್ಕೆ ನಿಂತಾಗ, ರಾಜೀನಾಮೆಗಳೆಲ್ಲ ಕಳೆದು, ಈ ಕಡೆ 12, ಆ ಕಡೆ 14. ಹದಿನಾಲ್ಕರಿಂದ ಮೂರು ಕಳೆಯಿರಿ. ಲೆಕ್ಕ ಸಿಕ್ಕಿತೇ? ನಾಮಕರಣ ಸಿಂಧು ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು, ಹಾಗಾಗಿ ಯಾರೂ ತಪ್ಪು ಮಾಡಲಿಲ್ಲ.

ಚುನಾಯಿತರ ನಾಟಕವೂ ಕಡಿಮೆ ಇಲ್ಲ ಎನ್ನಿ. 2018ರ ಜೂನ್‌ನಲ್ಲಿ ಕೇಜ್ರಿವಾಲ್ ಮತ್ತು ಮೂವರು ಮಂತ್ರಿಗಳು ರಾಜನಿವಾಸದ ಕಾಯುವ ಕೋಣೆಯ ಸೋಫಾಗಳ ಮೇಲೆ ಒಂಬತ್ತು ದಿನ ಬೀಡುಬಿಟ್ಟರು. ಮುಂದಿನ ಫೆಬ್ರವರಿಯಲ್ಲಿ ನಾರಾಯಣಸ್ವಾಮಿ ಕಪ್ಪು ಅಂಗಿ ತೊಟ್ಟು ರಾಜನಿವಾಸದ ಎದುರು ಬೀದಿಯಲ್ಲಿ ಮಲಗಿದರು. ಶ್ರೀನಗರದಲ್ಲಿ 2025ರ ಜುಲೈ 14ರಂದು ಜಮ್ಮು–ಕಾಶ್ಮೀರದ ಮುಖ್ಯಮಂತ್ರಿ ಒಮರ್ ಅಬ್ದುಲ್ಲಾ ಹುತಾತ್ಮರ ಸ್ಮಶಾನಕ್ಕೆ ಗೋಡೆ ಹಾರಿ ಹೋಗಿ ಫಾತಿಹಾ ಓದಿದರು. ತಡೆದವರು ಅವರದೇ ಊರಿನ ಪೊಲೀಸರು, ಆದರೆ ಪೊಲೀಸರು ಉಪರಾಜ್ಯಪಾಲರ ಕೈಕೆಳಗೆ. ಸೋಫಾ, ಬೀದಿ, ಗೋಡೆ: ಕೇಂದ್ರಾಡಳಿತ ಪ್ರದೇಶದ ಮುಖ್ಯಮಂತ್ರಿಗೆ ದೇಹದಾರ್ಢ್ಯ ಪರೀಕ್ಷೆ ಇಡುವುದು ಒಳ್ಳೆಯದು.

ನಾವು ನಗುವ ಮುಂಚೆ ಕೊಡಗಿನ ಹಿರಿಯರನ್ನು ನೆನೆಯಬೇಕು. 1952ರಲ್ಲಿ ದೆಹಲಿಯೂ ಕೊಡಗೂ ‘ಸಿ’ ಭಾಗದ ರಾಜ್ಯಗಳೆಂದು ಒಂದೇ ಬೆಂಚಿನಲ್ಲಿ ಕೂತಿದ್ದವು. 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ತಲೆಯ ಮೇಲೆ ದೆಹಲಿ ಕಳಿಸಿದ ಚೀಫ್ ಕಮಿಷನರ್. ಭಿನ್ನಾಭಿಪ್ರಾಯ ಬಂದರೆ ರಾಷ್ಟ್ರಪತಿಗೆ ಎಂಬ ಪಲ್ಲವಿ ಆಗಲೂ ಇದೇ. 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿ ಕೊಡಗು ಬೆಂಚು ಬಿಟ್ಟೆದ್ದಿತು. ದೆಹಲಿ ಇನ್ನೂ ಅಲ್ಲೇ ಕೂತಿದೆ.

2025ರ ಫೆಬ್ರವರಿಯಲ್ಲಿ ದೆಹಲಿಯಲ್ಲೂ ಕೇಂದ್ರದ ಪಕ್ಷವೇ ಗೆದ್ದಿತು. ಹತ್ತು ವರ್ಷದ ಸಂವಿಧಾನ ಬಿಕ್ಕಟ್ಟು ನೆಗಡಿಯಂತೆ ತಾನಾಗಿ ವಾಸಿಯಾಯಿತು. ಉಪರಾಜ್ಯಪಾಲರ ವಿರುದ್ಧ ಹಿಂದಿನ ಸರ್ಕಾರ ಹೂಡಿದ್ದ ಮೊಕದ್ದಮೆಗಳನ್ನು ಹೊಸ ಸರ್ಕಾರ ಸುಪ್ರೀಂ ಕೋರ್ಟಿನಿಂದ ವಾಪಸ್ ಪಡೆಯಿತು. ಮೊಕದ್ದಮೆ ವಾಪಸಾಯಿತು, ‘ತಪ್ಪು–ಒಪ್ಪು’ ಚೀಟಿ ಪುಸ್ತಕದಲ್ಲೇ ಉಳಿಯಿತು. ಮುಂದಿನ ಚುನಾವಣೆ 2030ಕ್ಕೆ. ಕಾಯುವ ಕೋಣೆಯ ಸೋಫಾಗಳಿಗೆ ಹೊಸ ಗೌಸು ಹೊಲಿಸಲು ಅಷ್ಟು ಸಮಯ ಸಾಕು.