ಎಸ್ಕಲೇಟರ್ ದೃಶ್ಯ 2000ದ್ದಲ್ಲ: ಸಿಂಪ್ಸನ್ಸ್ ಬಗ್ಗೆ ಒಂದು ಸ್ಪಷ್ಟನೆ

ಡೊನಾಲ್ಡ್ ಟ್ರಂಪ್ ಎಸ್ಕಲೇಟರ್‌ನಲ್ಲಿ ಇಳಿದು ಬರುವ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಹಂಚುತ್ತಿದ್ದಾರೆ. ಒಂದು ನಿಜವಾದ ಫೋಟೋ, ಇನ್ನೊಂದು 'ದಿ ಸಿಂಪ್ಸನ್ಸ್' ಎಂಬ ಅಮೆರಿಕದ ಟಿವಿ ಸರಣಿಯ ಕಾರ್ಟೂನ್. 'ಕಾರ್ಟೂನ್ 2000ದಲ್ಲೇ ಬಂದಿತ್ತು, ಭವಿಷ್ಯ ಮೊದಲೇ ಹೇಳಿತ್ತು' ಎನ್ನುವುದು ವಾದ. ಇದು ತಪ್ಪು.

ಟ್ರಂಪ್ ನ್ಯೂಯಾರ್ಕಿನ ತಮ್ಮ ಕಟ್ಟಡದ ಎಸ್ಕಲೇಟರ್‌ನಲ್ಲಿ ಇಳಿದು ಬಂದು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ ಘೋಷಿಸಿದ್ದು 2015ರ ಜೂನ್ 16ರಂದು. ಆ ಕಾರ್ಟೂನ್ ಇರುವ ಕಿರುಚಿತ್ರ ಬಂದದ್ದು ಅದೇ ವರ್ಷದ ಜುಲೈನಲ್ಲಿ. ಅಂದರೆ ಘಟನೆ ಮೊದಲು, ಕಾರ್ಟೂನ್ ಆಮೇಲೆ. ಸುದ್ದಿಯಲ್ಲಿ ಕಂಡದ್ದನ್ನೇ ನೋಡಿ ಬರೆದ ವಿಡಂಬನೆ ಅದು.

ಹಾಗಂತ 2000ದ ಮಾತು ಪೂರ್ತಿ ಸುಳ್ಳೂ ಅಲ್ಲ. ಆ ವರ್ಷದ ಮಾರ್ಚ್ 19ರ ಸಿಂಪ್ಸನ್ಸ್ ಕಂತು ಭವಿಷ್ಯದ ಕಥೆ; ಅದರಲ್ಲಿ ಅಧ್ಯಕ್ಷೆಯಾಗಿರುವ ಲೀಸಾ ಎಂಬ ಪಾತ್ರ, ಟ್ರಂಪ್ ಆಡಳಿತದಿಂದ ಖಜಾನೆ ಬರಿದಾಗಿದೆ ಎನ್ನುವ ಅರ್ಥದ ಒಂದು ಮಾತು ಆಡುತ್ತಾಳೆ. ಅದರಲ್ಲಿ ಎಸ್ಕಲೇಟರ್ ಇಲ್ಲ. ಆ ಮಾತೂ ಸುಮ್ನೆ ಹೊಳೆದದ್ದಲ್ಲ ಅನ್ನಿಸುತ್ತದೆ. 1999ರ ಕೊನೆಯಲ್ಲೇ ಟ್ರಂಪ್ ರಿಫಾರ್ಮ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಪ್ರಯತ್ನ ಶುರು ಮಾಡಿದ್ದರು. 2000ದ ಫೆಬ್ರವರಿಯಲ್ಲಿ ಹಿಂದೆ ಸರಿದರು. ಆಗಿನ ಅಮೆರಿಕದಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸುದ್ದಿ.

ದಯವಿಟ್ಟು ಆ ಜೋಡಿ ಚಿತ್ರವನ್ನು '2000' ಎಂದು ಬರೆದು ಮುಂದೆ ಕಳಿಸಬೇಡಿ.