ವಿಂಡ್ ಟನಲ್ ಕೀಲಿ ಹುಡುಗರ ಕೈಗೆ ಕೊಡಿ

ಏರೋನಾಟಿಕಲ್ ಇರುವ ಕಾಲೇಜಿಗೆ ಹೋದರೆ ವಿಂಡ್ ಟನಲ್ (ಫ್ಯಾನ್ ಗಾಳಿ ಹಾಯಿಸಿ ಒಳಗಿಟ್ಟ ಮಾದರಿಯನ್ನು ಪರೀಕ್ಷಿಸುವ ಸುರಂಗ) ತೋರಿಸದೆ ಕಳಿಸುವುದಿಲ್ಲ. ಅಡ್ಮಿಷನ್‌ಗೆ ಬಂದ ಅಪ್ಪ ಅಮ್ಮಂದಿರಿಗೂ ಇನ್‌ಸ್ಪೆಕ್ಷನ್‌ಗೆ ಬಂದವರಿಗೂ ಅದರ ದರ್ಶನ ಆಗಲೇಬೇಕು. ಅಲ್ಲೇ ಓದುವ ಹುಡುಗರನ್ನು ಕೇಳಿ ನೋಡಿ. ಸ್ವಿಚ್ ಹಾಕುವವರು ಲ್ಯಾಬ್‌ನವರು, ಇವರು ಸುತ್ತ ನಿಂತು ರೀಡಿಂಗ್ ಬರೆದುಕೊಳ್ಳುವವರು. ಲ್ಯಾಬ್ ಇಲ್ಲದ ದಿನ ಬೀಗ.

ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಟನಲ್ ಒಳಗಿಡುವ ವಿಮಾನದ ರೆಕ್ಕೆಯ ಮಾದರಿಯ ಮೇಲೆ ಸಣ್ಣ ಸಣ್ಣ ತೂತುಗಳಿರುತ್ತವೆ. ಒಂದೊಂದರಿಂದಲೂ, ನೀರಿನ ಏರಿಳಿತದಲ್ಲಿ ಒತ್ತಡ ತೋರಿಸುವ ಮ್ಯಾನೋಮೀಟರಿಗೆ ಒಂದೊಂದು ಟ್ಯೂಬ್. ಗಾಳಿ ಬಿಟ್ಟು ರೆಕ್ಕೆಯ ಮೂತಿಯನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋಗಿ. ಮೇಲ್ಭಾಗದ ಟ್ಯೂಬುಗಳಲ್ಲಿ ಬಣ್ಣದ ನೀರು ಏರುತ್ತದೆ, ಮೂತಿಯ ಹತ್ತಿರ ಎಲ್ಲಕ್ಕಿಂತ ಜಾಸ್ತಿ. 15 ಡಿಗ್ರಿಯ ಆಸುಪಾಸಿನಲ್ಲಿ ಆ ಏರು ದಿಢೀರನೆ ಕುಸಿದು, ನೀರಿನ ಸಾಲು ಹೆಚ್ಚುಕಡಿಮೆ ಮಟ್ಟಸವಾಗುತ್ತದೆ. ಅಲ್ಲಿಯವರೆಗೆ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಮಲಗಿದ್ದ, ರೆಕ್ಕೆಗೆ ಅಂಟಿಸಿದ ಉಣ್ಣೆ ದಾರಗಳು ದಿಕ್ಕೆಟ್ಟು ಒದ್ದಾಡುತ್ತವೆ. ಅದೇ ಸ್ಟಾಲ್, ಗಾಳಿ ರೆಕ್ಕೆಯ ಮೈ ಬಿಟ್ಟು ಎತ್ತುವ ಬಲ ಕುಸಿಯುವ ಗಳಿಗೆ. ಆ ಕ್ಷಣದಲ್ಲಿ ರೆಕ್ಕೆ ಎತ್ತುವ ಗುಂಡಿ ಸ್ವಂತ ಕೈಯಲ್ಲಿರಬೇಕು, ಅಲ್ವಾ?

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕರ್ಸ್ಟನ್ ವಿಂಡ್ ಟನಲ್ 1936ರದ್ದು. ಟೆಸ್ಟ್ ಸೆಕ್ಷನ್, ಅಂದರೆ ಮಾದರಿ ಇಡುವ ಜಾಗ, 8 ಅಡಿಗೆ 12 ಅಡಿ. ಬೋಯಿಂಗ್‌ನಂಥ ಕಂಪನಿಯೂ ಮಾದರಿಗಳನ್ನು ತಂದು ಪರೀಕ್ಷೆ ಮಾಡಿಸಿದೆ. ಅಲ್ಲಿ ಟೆಸ್ಟ್ ನಡೆಸುವ ತಂಡ ವಿದ್ಯಾರ್ಥಿಗಳದ್ದೇ!

'ನಮ್ಮದು ಚಿಕ್ಕದು, ಇದರಲ್ಲಿ ಏನು ಮಾಡೋದು' ಎನ್ನುತ್ತಾರೆ. ಸ್ವಲ್ಪ ನಿಜ. ಬೆಂಗಳೂರಿನ ಐಐಎಸ್‌ಸಿಯ ಓಪನ್ ಸರ್ಕ್ಯೂಟ್ (ಹೊರಗಿನ ಗಾಳಿ ಎಳೆದು ಹೊರಕ್ಕೇ ಬಿಡುವ) ಟನಲ್‌ನ ಟೆಸ್ಟ್ ಸೆಕ್ಷನ್ 14 ಅಡಿಗೆ 9 ಅಡಿ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಎರಡಡಿ ಚೌಕ. ಹತ್ತನೇ ಒಂದರಷ್ಟು ಚಿಕ್ಕ ಕಾರು ಮಾಡಿಟ್ಟರೆ, ರೆನಾಲ್ಡ್ಸ್ ಸಂಖ್ಯೆ (ಮಾದರಿಯ ಸುತ್ತ ಗಾಳಿ ನಿಜ ಕಾರಿನ ಸುತ್ತ ಹರಿದಂತೆಯೇ ಹರಿಯಲು ಹೊಂದಬೇಕಾದ, ವೇಗ ಮತ್ತು ಅಳತೆ ಸೇರಿದ ಲೆಕ್ಕ) ಸರಿಹೊಂದಲು ಗಾಳಿಯ ವೇಗ ಹತ್ತು ಪಟ್ಟು ಬೇಕು. 100 ಕಿ.ಮೀ. ವೇಗದ ಕಾರಿಗೆ 1000 ಕಿ.ಮೀ. ವೇಗದ ಗಾಳಿ! ಶಬ್ದದ ವೇಗದ ಹತ್ತಿರ ಹೋದರೆ ಗಾಳಿಯ ನಡವಳಿಕೆಯೇ ಬೇರೆ.

ಹಾಗಾದರೆ ಕಾರು ಬಿಡಿ, ಕ್ರಿಕೆಟ್ ಚೆಂಡು ಇಡಿ. ಮಾದರಿ ಮಾಡುವ ರಗಳೆಯೇ ಇಲ್ಲ, ನಿಜವಾದ ಚೆಂಡೇ. ಸೆಕೆಂಡಿಗೆ 35 ಮೀಟರ್ ಎಂದರೆ ಗಂಟೆಗೆ 126 ಕಿ.ಮೀ., ಒಬ್ಬ ಮೀಡಿಯಂ ಪೇಸರ್‌ನ ವೇಗ. ಸೀಮ್ ಓರೆ ಮಾಡಿ ಹೊಗೆ ಬಿಡಿ. ಸೀಮ್ ಇರುವ ಕಡೆ ಗಾಳಿ ಚೆಂಡಿಗೆ ಅಂಟಿಕೊಂಡು ಹೆಚ್ಚು ದೂರ ಸಾಗುತ್ತದೆ, ಇನ್ನೊಂದು ಕಡೆ ಬೇಗ ಬಿಡುತ್ತದೆ. ಸ್ವಿಂಗ್ ಹುಟ್ಟುವುದೇ ಅಲ್ಲಿ. ಡ್ರೋನ್ ಪ್ರೊಪೆಲ್ಲರ್ ಕೂಡ ನಿಜ ಅಳತೆಯಲ್ಲೇ ಹಿಡಿಸುತ್ತದೆ.

ಇನ್ನು ಕರೆಂಟ್ ಬಿಲ್ಲಿನ ನೆಪ. ವೇಗ ಅರ್ಧ ಮಾಡಿದರೆ ಬೇಕಾಗುವ ಶಕ್ತಿ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ. ಹೊಗೆ ನೋಡುವುದಕ್ಕಂತೂ ನಿಧಾನದ ಗಾಳಿಯೇ ಚೆನ್ನ.

ಫ್ಯಾನ್ ಹತ್ತಿರ ಹೋಗದಂತೆ ಜಾಲರಿ ಇರಲಿ, ಲ್ಯಾಬ್‌ನವರೊಬ್ಬರು ಜೊತೆಗಿರಲಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಿ. ಶನಿವಾರ ಮಧ್ಯಾಹ್ನ ಎರಡು ಗಂಟೆ ಬಿಟ್ಟುಕೊಡಿ, ಸಾಕು. ಆಗಲೇ ಹೀಗೆ ಬಿಟ್ಟುಕೊಟ್ಟ ಮೇಷ್ಟ್ರುಗಳಿದ್ದರೆ, ಪ್ರಿನ್ಸಿಪಾಲರನ್ನು ಹೇಗೆ ಒಪ್ಪಿಸಿದಿರಿ ಅಂತ ದಯವಿಟ್ಟು ಹೇಳಿ.